ಹದಿನೆಂಟರಲ್ಲಿ ನಾಲ್ಕು ಪಾಲು ನೋವು

ಕಳೆದ ತಿಂಗಳು ಠಾಣೆಯ ಒಂದು ಮಾಲ್‌ನಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕುತ್ತಿದ್ದೆವು. ಲಿಫ್ಟಿನ ಪಕ್ಕದಲ್ಲೇ ಗಾಲಿಕುರ್ಚಿಯ ಚಿತ್ರ ಬಿಡಿಸಿದ ಜಾಗದಲ್ಲಿ ಒಂದು ಕಾರು ಬಂದು ನಿಂತಿತು. ಇಳಿದವನು ಮೂವತ್ತರ ಹುಡುಗ. ಬಾಗಿಲು ಹಾಕಿ, ನೆಟ್ಟಗೆ ನಡೆದು ಹೋದ. ನನ್ನ ಜೊತೆಗಿದ್ದ ಗೆಳೆಯರು, "ನೋಡಿದಿರಾ ರಾಯರೇ, ಕುದುರೆ ಹಾಗಿದ್ದಾನೆ. ಇಂಥವರಿಗೆಲ್ಲ ಸರ್ಟಿಫಿಕೇಟು ಕೊಡೋರು ಯಾರು?" ಅಂದರು. ನಾನು ಸುಮ್ಮನಿದ್ದೆ. ಸುಮ್ಮನಿದ್ದದ್ದಕ್ಕೆ ಕಾರಣವಿದೆ, ಆಮೇಲೆ ಹೇಳುತ್ತೇನೆ.

ಮುಂಬೈಯಲ್ಲಿರುವ ನೀವೆಲ್ಲ ಈ ಮಾತನ್ನು ಲೋಕಲ್ ಟ್ರೈನಿನಲ್ಲೂ ಕೇಳಿರುತ್ತೀರಿ. ಅಂಗವಿಕಲರ ಡಬ್ಬಿಗೆ ಯಾರಾದರೂ ಗಟ್ಟಿಮುಟ್ಟಾಗಿ ಕಾಣುವವರು ಹತ್ತಿದರೆ ಸಾಕು, ಎಲ್ಲರ ಕಣ್ಣೂ ಅವರ ಕಾಲ ಮೇಲೆ. ಕಾಲು ಸರಿ ಇದ್ದರೆ ಕೈ ಮೇಲೆ. ಅದೂ ಸರಿ ಇದ್ದರೆ "ಕಾರ್ಡ್ ದಿಖಾವ್." ನಿಜ, ಸುಮ್ಮನೆ ಹತ್ತುವವರೂ ಇದ್ದಾರೆ, ಅದನ್ನು ಇಲ್ಲವೆನ್ನಲಾರೆ.

ನಾನು ಬಿ.ಕಾಂ. ಓದಿದವನು, ಇತಿಹಾಸ ನನ್ನ ವಿಷಯವಲ್ಲ. ಆದರೂ ಈ ಗುಮಾನಿ ಎಲ್ಲಿಂದ ಶುರುವಾಯಿತು ಅಂತ ಓದುತ್ತಾ ಹೋದರೆ ಕೊನೆಯೇ ಸಿಗಲಿಲ್ಲ. ಇಂಗ್ಲೆಂಡಿನಲ್ಲಿ ಎಂಟನೆಯ ಹೆನ್ರಿಯ ಕಾಲದ 1531ರ ಕಾಯಿದೆಯೊಂದಿದೆ. ದುಡಿಯಲಾಗದ ಮುದುಕರು, ಊನವುಳ್ಳವರು ಭಿಕ್ಷೆ ಬೇಡಬಹುದು, ಆದರೆ ಕೈಯಲ್ಲಿ ಲೈಸೆನ್ಸ್ ಇರಬೇಕು! ಯಾವ ಸೀಮೆಯೊಳಗೆ ಬೇಡಬೇಕು ಅನ್ನುವುದೂ ಅದರಲ್ಲೇ ಬರೆದಿರುತ್ತಿತ್ತು. ಗಟ್ಟಿ ಮೈಯವನು ಬೇಡಿದರೆ ಗಾಡಿಯ ಹಿಂದೆ ಕಟ್ಟಿ ಚಾಟಿ ಏಟು. ಆ ಕಾಯಿದೆ ಬಂದು ಮೂವತ್ತೈದು ವರ್ಷವಾದ ಮೇಲೆ, 1566ರಲ್ಲಿ, ಲಂಡನ್ನಿನಲ್ಲಿ ನಿಕೊಲಾಸ್ ಜೆನಿಂಗ್ಸ್ ಎಂಬಾತ ಬಾಯಲ್ಲಿ ಸಾಬೂನು ಇಟ್ಟುಕೊಂಡು ನೊರೆ ಬರಿಸಿ, ಮುಖಕ್ಕೆ ರಕ್ತ ಬಳಿದುಕೊಂಡು ಮೂರ್ಛೆರೋಗಿಯ ವೇಷ ಹಾಕುತ್ತಿದ್ದ. ಥಾಮಸ್ ಹಾರ್ಮನ್ ಎಂಬ ಜಮೀನುದಾರ ಅವನ ಬೆನ್ನು ಹತ್ತಿ ಹಿಡಿಸಿ, ಪುಸ್ತಕವನ್ನೇ ಬರೆದ. ಅಂದರೆ ಕಳ್ಳರು ಆಗಲೂ ಇದ್ದರು, ಪತ್ತೇದಾರರೂ ಇದ್ದರು.

ಆದರೆ ನನ್ನಂಥ ಬ್ಯಾಂಕಿನವನಿಗೆ ರುಚಿಸಿದ್ದು ಅಮೆರಿಕದ ಕಥೆ. ಅಲ್ಲಿ ಲೆಕ್ಕವಿದೆ.

ಅಂತರ್ಯುದ್ಧ ನಡೆಯುತ್ತಿದ್ದಾಗಲೇ, 1862ರಲ್ಲಿ, ಗಾಯಗೊಂಡ ಯೂನಿಯನ್ ಸೈನಿಕರಿಗೆ ಪಿಂಚಣಿಯ ಕಾಯಿದೆ ಬಂತು. ಕೂಲಿ ಕೆಲಸಕ್ಕೆ ಪೂರ್ತಿ ಅಸಮರ್ಥನಾದ ಸಾಮಾನ್ಯ ಸಿಪಾಯಿಗೆ ತಿಂಗಳಿಗೆ 8 ಡಾಲರ್. 1864ರಲ್ಲಿ ದರಪಟ್ಟಿಯೇ ಬಂತು: ಎರಡೂ ಕಣ್ಣು ಅಥವಾ ಎರಡೂ ಕೈ ಹೋದರೆ 25 ಡಾಲರ್, ಎರಡೂ ಪಾದ ಹೋದರೆ 20. ಕಡಿದ ಕೈಯ ಬಗ್ಗೆ ತಕರಾರಿಲ್ಲ, ಕಣ್ಣಿಗೆ ಕಾಣುತ್ತದೆ. ಆದರೆ ದಂಡಿನಲ್ಲಿ ಅಂಟಿಸಿಕೊಂಡ ವಾತ, ವರ್ಷಗಟ್ಟಲೆ ಬಿಡದ ಭೇದಿ, ಎದೆ ನೋವು? ಅದಕ್ಕೆ ವೈದ್ಯರು ಭಿನ್ನರಾಶಿ ಹಾಕುತ್ತಿದ್ದರು. ಈ ಮನುಷ್ಯನ ವಾತ ಹದಿನೆಂಟರಲ್ಲಿ ನಾಲ್ಕು ಪಾಲು, ಇವನ ಹೃದಯ ಹದಿನೆಂಟರಲ್ಲಿ ಆರು ಪಾಲು... ನಮ್ಮಲ್ಲಿ ಆಸ್ತಿ ಪಾಲು ಮಾಡುವಾಗಲೂ ಇಷ್ಟು ಲೆಕ್ಕ ಹಾಕುವುದಿಲ್ಲ.

ಜನಕ್ಕೆ ಗುಮಾನಿ ಹೆಚ್ಚಿತು. ಸೆನೆಟ್ ಕೇಳಿತೆಂದು 1883ರಲ್ಲಿ ಸರ್ಕಾರ ಐದು ಸಂಪುಟಗಳಲ್ಲಿ ಪಿಂಚಣಿದಾರರ ಪಟ್ಟಿ ಅಚ್ಚು ಹಾಕಿಸಿತು. ಹೆಸರು, ಅಂಚೆ ಊರು, ಯಾವ ಊನಕ್ಕೆ ಪಿಂಚಣಿ, ತಿಂಗಳಿಗೆ ಎಷ್ಟು, ಎಲ್ಲವೂ ಅದರಲ್ಲಿ. ಪಕ್ಕದ ಮನೆಯವನು ತೆರೆದು ನೋಡಿ "ಇವನಿಗೆ ಭೇದಿಯಂತೆ, ನಿನ್ನೆ ಮದುವೆಮನೆಯಲ್ಲಿ ಚೆನ್ನಾಗಿ ಉಂಡನಲ್ಲ" ಎನ್ನಬಹುದಿತ್ತು.

ಅಧ್ಯಕ್ಷ ಗ್ರೋವರ್ ಕ್ಲೀವ್‌ಲ್ಯಾಂಡ್ ಇನ್ನೂರಕ್ಕೂ ಹೆಚ್ಚು ಖಾಸಗಿ ಪಿಂಚಣಿ ಮಸೂದೆಗಳನ್ನು ಒಂದೊಂದಾಗಿ ಓದಿ ತಳ್ಳಿಹಾಕಿದ. (ಯುದ್ಧದ ಕಾಲದಲ್ಲಿ ಈತ 150 ಡಾಲರ್ ಕೊಟ್ಟು ತನ್ನ ಬದಲಿಗೆ ಬೇರೊಬ್ಬನನ್ನು ಸೈನ್ಯಕ್ಕೆ ಕಳಿಸಿದವನು!) ಮುಂದೆ 1889ರಲ್ಲಿ ಪಿಂಚಣಿ ಕಮಿಷನರ್ ಆಗಿ ಬಂದ ಜೇಮ್ಸ್ ಟ್ಯಾನರ್ ಯುದ್ಧದಲ್ಲಿ ಎರಡೂ ಕಾಲು ಮೊಣಕಾಲ ಕೆಳಗೆ ಕಳೆದುಕೊಂಡವನು. ಧಾರಾಳವಾಗಿ ಪಿಂಚಣಿ ಏರಿಸತೊಡಗಿದ. ಆರು ತಿಂಗಳಲ್ಲೇ ಕುರ್ಚಿ ಬಿಡಬೇಕಾಯಿತು. 1890ರ ಕಾಯಿದೆಯಂತೂ, ಊನ ಯುದ್ಧದಿಂದಲೇ ಬಂದಿರಬೇಕಿಲ್ಲ, 90 ದಿನ ಸೇವೆ ಮಾಡಿದ್ದರೆ ಸಾಕು ಎಂದಿತು. 1893ರ ಹೊತ್ತಿಗೆ ಪಿಂಚಣಿ ಖರ್ಚು ಕೇಂದ್ರ ಸರ್ಕಾರದ ಹತ್ತಿರ ಹತ್ತಿರ ಶೇಕಡಾ 40 ಮುಟ್ಟಿತ್ತು. ಅದರಲ್ಲಿ ಸುಳ್ಳೂ ಇತ್ತು, ರಾಜಕೀಯವೂ ಇತ್ತು. ಆದರೆ ಗುಮಾನಿಯ ಏಟು ಎಲ್ಲರಿಗೂ ಒಂದೇ ತೂಕದಲ್ಲಿ ಬೀಳಲಿಲ್ಲ ನೋಡಿ. ಕಣ್ಣಿಗೆ ಕಾಣದ ಕಾಯಿಲೆಯವರ ಅರ್ಜಿಗಳು ಹೆಚ್ಚು ಬಿದ್ದುಹೋದವು. ಕರಿಯ ಸೈನಿಕರ ಅರ್ಜಿಗಳು ಬಿಳಿಯರದ್ದಕ್ಕಿಂತ ಕಡಿಮೆ ಮಂಜೂರಾದವು.

ಇನ್ನು ಆ ಗಾಲಿಕುರ್ಚಿಯ ಚಿತ್ರ. 1968ರಲ್ಲಿ ಡೆನ್ಮಾರ್ಕಿನ ಸುಸಾನ್ ಕೋಫೋಡ್ ಎಂಬ ವಿದ್ಯಾರ್ಥಿನಿ ಬಿಡಿಸಿದ್ದು. ಮೊದಲು ಅದರಲ್ಲಿ ಬರೀ ಕುರ್ಚಿ ಇತ್ತು, ತಲೆಯನ್ನು ಆಮೇಲೆ ಸೇರಿಸಿದರು. ಒಳ್ಳೆಯ ಚಿತ್ರವೇ, ಪ್ರಪಂಚಕ್ಕೆಲ್ಲ ಅರ್ಥವಾಗುತ್ತದೆ. ಆದರೆ ಕುರ್ಚಿಯ ಮೇಲೆ ಕೂತವನೊಬ್ಬನೇ ಅಂಗವಿಕಲ ಅಂತ ನಮ್ಮ ಕಣ್ಣಿಗೆ ಪಾಠ ಹೇಳಿಕೊಟ್ಟದ್ದೂ ಅದೇ. ಬ್ರಿಟನ್ನಿನಲ್ಲಿ 1971ರಲ್ಲೇ ಕಾರಿಗೆ ಅಂಟಿಸುವ ಕಿತ್ತಳೆ ಬಿಲ್ಲೆ ಶುರುವಾಗಿತ್ತು, 2000ದಲ್ಲಿ ಅದು ನೀಲಿಯಾಯಿತು. ಹೊರಗೆ ಕಾಣದ ತೊಂದರೆ ಇರುವವರನ್ನು ಇಂಗ್ಲೆಂಡಿನಲ್ಲಿ ಸ್ಪಷ್ಟವಾಗಿ ಅದಕ್ಕೆ ಸೇರಿಸಿಕೊಂಡದ್ದು 2019ರಲ್ಲಿ.

ನಮ್ಮ ಕಡೆಗೆ ಬರೋಣ. ಈಗಿನ ಮಹಾರಾಷ್ಟ್ರ, ಗುಜರಾತು ಸೇರಿದ್ದ ಮುಂಬೈ ರಾಜ್ಯದ 1959ರ ಭಿಕ್ಷಾಟನೆ ತಡೆ ಕಾಯಿದೆಯಲ್ಲಿ, ಕಾಸಿಗಾಗಿ ಗಾಯವನ್ನೋ ಅಂಗವೈಕಲ್ಯವನ್ನೋ ತೋರಿಸುವುದೂ ಭಿಕ್ಷೆಯೇ ಎಂದು ಬರೆದಿದೆ. ಬೀದಿಯಲ್ಲಿ ತೋರಿಸಿದರೆ ಅಪರಾಧ, ಆಫೀಸಿನಲ್ಲಿ ತೋರಿಸದಿದ್ದರೆ ಗುಮಾನಿ! ಕೇಂದ್ರ ಸರ್ಕಾರದ ಕೆಳದರ್ಜೆಯ ಹುದ್ದೆಗಳಲ್ಲಿ ಶೇಕಡಾ 3 ಮೀಸಲಾತಿ ಬಂದದ್ದು 1977ರಲ್ಲಿ. ಸವಲತ್ತು ಬಂದ ಮೇಲೆ ಅಳತೆಯೂ ಬೇಕಲ್ಲ? 1986ರ ಆಗಸ್ಟ್‌ನಲ್ಲಿ ಕೇಂದ್ರದ ಕಲ್ಯಾಣ ಸಚಿವಾಲಯ ಶೇಕಡಾ 40 ಎಂಬ ಗೆರೆ ಎಳೆಯಿತು. 1995ರ ಕಾಯಿದೆ ಅದನ್ನೇ ಉಳಿಸಿಕೊಂಡಿತು. 2016ರ ಕಾಯಿದೆ ಏಳು ಬಗೆಯ ಊನಗಳನ್ನು 21ಕ್ಕೆ ಏರಿಸಿ, ಮೀಸಲಾತಿಯನ್ನು ಶೇಕಡಾ 4 ಮಾಡಿತು, ಗೆರೆ ಮಾತ್ರ 40ರಲ್ಲೇ ಉಳಿಯಿತು. ಮೋಸದಿಂದ ಸವಲತ್ತು ಪಡೆದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ.

2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ವಿಕಾಸ್ ಕುಮಾರ್ ಪ್ರಕರಣದಲ್ಲಿ, ಬರೆಯುವಾಗ ಕೈ ಸೆಟೆದುಕೊಳ್ಳುವ ಅಭ್ಯರ್ಥಿಗೆ 40ರ ಗೆರೆ ದಾಟದಿದ್ದರೂ ಪರೀಕ್ಷೆಯಲ್ಲಿ ಬರೆದುಕೊಡುವವರನ್ನು ಕೊಡಬೇಕೆಂದಿತು. ದುರುಪಯೋಗವಾದೀತೆಂಬ ಭಯಕ್ಕೆ ಅರ್ಹರ ಹಕ್ಕು ಕಸಿಯುವಂತಿಲ್ಲ ಎಂಬುದು ತೀರ್ಪಿನ ಸಾರ. ಆಮೇಲೆ 2024ರಲ್ಲಿ ಪುಣೆಯ ತರಬೇತಿ ಐ.ಎ.ಎಸ್. ಅಧಿಕಾರಿಯೊಬ್ಬರ ಪ್ರಮಾಣಪತ್ರಗಳ ಗಲಾಟೆ ಎದ್ದಿತು. (ಯು.ಪಿ.ಎಸ್.ಸಿ. ಆಯ್ಕೆ ರದ್ದು ಮಾಡಿದ್ದಕ್ಕೆ ಕೊಟ್ಟ ಕಾರಣ ಬೇರೆ, ಗುರುತು ಬದಲಿಸಿ ಮಿತಿ ಮೀರಿ ಪರೀಕ್ಷೆ ಬರೆದದ್ದು.) ಆ ತಿಂಗಳೆಲ್ಲ ನಮ್ಮ ಟ್ರೈನಿನಲ್ಲಿ ಮಾತೇ ಅದು, ಕುಂಟುತ್ತಾ ಹತ್ತಿದವರನ್ನೂ ಜನ ಎರಡು ಸಲ ನೋಡುತ್ತಿದ್ದರು.

ಈಗ ನನ್ನ ಕಾರಣ. 1999ರಲ್ಲಿ ನಾನು ಹೊಸದಾಗಿ ಆಫೀಸರ್ ಆಗಿ ಉಪನಗರದ ಒಂದು ಶಾಖೆಗೆ ಹೋಗಿದ್ದೆ. ಅಲ್ಲೊಬ್ಬ ಕ್ಲಾರ್ಕ್, ಪಿ.ಎಚ್. ಕೋಟಾದಲ್ಲಿ ಬಂದವನು. ಚಿಕ್ಕಂದಿನಲ್ಲಿ ಪೋಲಿಯೋ ಆಗಿತ್ತೆಂದು ಫೈಲಿನಲ್ಲಿತ್ತು. ನಡೆಯುವಾಗ ಕುಂಟು ಅಷ್ಟಾಗಿ ಕಾಣುತ್ತಿರಲಿಲ್ಲ. ಎಡಗೈ ಸದಾ ಪ್ಯಾಂಟಿನ ಜೇಬಿನಲ್ಲಿ, ಸಿನಿಮಾ ಹೀರೋ ಹಾಗೆ. ಒಂದು ದಿನ ಹೆಸರಿಲ್ಲದ ಪತ್ರ ಬಂತು: ಈತ ಮೆಟ್ಟಿಲು ಹತ್ತುತ್ತಾನೆ, ಗಣಪತಿ ಮೆರವಣಿಗೆಯಲ್ಲಿ ನಡೆಯುತ್ತಾನೆ, ಅಂಗವಿಕಲರ ವಾಹನ ಭತ್ಯೆ ಪುಕ್ಕಟೆ ತಿನ್ನುತ್ತಿದ್ದಾನೆ ಅಂತ. ಅಂಥ ಪತ್ರವನ್ನು ಹರಿದು ಬಿಸಾಡಬಹುದಿತ್ತು. ನಾನು ಮರುಪರೀಕ್ಷೆಗೆ ಕಳಿಸಬಹುದೆಂದು ನೋಟ್ ಹಾಕಿ ಮೇಲಕ್ಕೆ ಕಳಿಸಿದೆ. ಕಣ್ಣಿಗೆ ಕಂಡದ್ದನ್ನೇ ಬರೆದೆನಲ್ಲ ಎಂಬ ಸಮಾಧಾನ ನನಗೆ.

ಭತ್ಯೆ ನಿಂತಿತು. ಆತ ಸರ್ಕಾರಿ ಆಸ್ಪತ್ರೆಗೆ ಮೂರು ಸಲ ರಜೆ ಹಾಕಿ ಅಲೆದ. ಒಮ್ಮೆ ಡಾಕ್ಟರ್ ಇಲ್ಲ, ಒಮ್ಮೆ ಮಂಡಳಿ ಸೇರಲಿಲ್ಲ. ಕೊನೆಗೆ ತಂದ ಕಾಗದದಲ್ಲಿ ಹಿಂದಿನಷ್ಟೇ ಇತ್ತು, ಶೇಕಡಾ 50. ನನ್ನ ಮೇಜಿನ ಮೇಲಿಟ್ಟು, ಜೇಬಿನಿಂದ ಕೈ ತೆಗೆದು ಎರಡು ಹೆಜ್ಜೆ ನಡೆದು ತೋರಿಸಿದ. ಎರಡನೆಯ ಹೆಜ್ಜೆಗೆ ಮೊಣಕಾಲು ಮಡಚಿ ಮೇಜಿಗೆ ಆತುಕೊಂಡ. ಜೇಬಿನೊಳಗಿನ ಆ ಕೈ ಪ್ರತಿ ಹೆಜ್ಜೆಗೂ ತೊಡೆಯನ್ನು ಹಿಂದಕ್ಕೆ ಒತ್ತಿ ಹಿಡಿಯುತ್ತಿತ್ತು. ಹೊರಗೆ ಕಾಣಬಾರದೆಂದೇ ಜೇಬು. ಹದಿಮೂರನೆಯ ವಯಸ್ಸಿಗೆ ಕಲಿತದ್ದಂತೆ, ಶಾಲೆಯಲ್ಲಿ ಹುಡುಗರು ಅಣಕಿಸುತ್ತಿದ್ದರೆಂದು.

"ಸಾಬ್, ನೀವು ಹತ್ತು ಗಂಟೆಗೆ ನೋಡ್ತೀರಿ, ಸಂಜೆ ಏಳಕ್ಕೆ ನನ್ನ ಹೆಂಡತಿ ನೋಡ್ತಾಳೆ" ಎಂದು ಹಿಂದಿಯಲ್ಲಿ ಹೇಳಿದ. ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

ತಪ್ಪಾಯಿತು ಅಂತ ಆವತ್ತು ಹೇಳಲಾಗಲಿಲ್ಲ. "ನಿಯಮ ಅಲ್ವಾ" ಎಂದೇನೋ ಗೊಣಗಿದೆ. ಮುಂದಿನ ವರ್ಷ ನನಗೆ ವರ್ಗವಾಯಿತು, ಆತನನ್ನು ಮತ್ತೆ ನೋಡಲಿಲ್ಲ. ನಾಲ್ಕು ತಿಂಗಳ ಭತ್ಯೆಯ ಬಾಕಿ ಬಿಲ್ಲನ್ನು ಪಾಸು ಮಾಡಿದವನು ನಾನೇ. ಬಡ್ಡಿ ಕೊಡುವ ಪದ್ಧತಿ ಇರಲಿಲ್ಲ.