ಅಜ್ಜನ ವೇಳಾಪಟ್ಟಿ

ಕಳೆದ ವರ್ಷ ನನ್ನ ಅಕ್ಕನ ಮಗಳು ಇತಿಹಾಸದಲ್ಲಿ ಎಂ.ಎ. ಓದಲು ಲಿಂಗಸುಗೂರಿನಿಂದ ಹೈದರಾಬಾದಿಗೆ ಬಂದಳು. ಉಸ್ಮಾನಿಯಾ ವಿಶ್ವವಿದ್ಯಾಲಯದ ಆರ್ಟ್ಸ್ ಕಾಲೇಜಿನಲ್ಲಿ ಸೀಟು. ಪಾಠ ಶುರುವಾಗುವ ಹಿಂದಿನ ದಿನ, ಭಾನುವಾರ, ಹಬ್ಸಿಗುಡದ ನಮ್ಮ ಮನೆಯಲ್ಲಿ ಮೊದಲ ಸೆಮಿಸ್ಟರಿನ ವೇಳಾಪಟ್ಟಿ ಹರವಿಕೊಂಡು ಕೂತೆವು. ಯಾವ ದಿನ ಎಷ್ಟು ಕ್ಲಾಸು, ಯಾವ ಪತ್ರಿಕೆಗೆ ಎಷ್ಟು ಕ್ರೆಡಿಟ್, ಮಧ್ಯೆ ಊಟಕ್ಕೆ ಎಷ್ಟು ಹೊತ್ತು ಎಂದೆಲ್ಲ ಗುರುತು ಹಾಕುತ್ತಿದ್ದಳು.

"ಮಾಮಾ, ಎರಡು ಕ್ಲಾಸಿನ ನಡುವ ಹತ್ತು ನಿಮಿಷ ಅದ. ಅಷ್ಟರಾಗ ಲೈಬ್ರರಿಗೆ ಹೋಗಿ ಬರಾಕ ಆಗ್ತದೇನು?" ಎಂದು ಕೇಳಿದಳು.

ನನ್ನಲ್ಲಿ ಉತ್ತರವಿರಲಿಲ್ಲ. ಹದಿನಾಲ್ಕು ವರ್ಷದಿಂದ ಈ ಊರಲ್ಲಿದ್ದೇನೆ. ಆಫೀಸಿಗೆ ಹೋಗುವಾಗ ಆ ಆವರಣದ ಮಗ್ಗುಲಲ್ಲೇ ಗಾಡಿ ಓಡಿಸಿದ್ದೇನೆ. ಒಳಗೆ ಒಮ್ಮೆಯೂ ನಡೆದಿರಲಿಲ್ಲ. ಆದರೆ ನಮ್ಮ ಮನೆಯಲ್ಲಿ ಆ ದಾರಿ ನಡೆದವರು ಒಬ್ಬರಿದ್ದರು, ನನ್ನ ಅಜ್ಜ. ಊರು ಬಿಡುವಾಗ ಅವ್ವ ನನ್ನ ಕೈಗಿಟ್ಟಿದ್ದ ಅವರ ನೋಟ್‌ಬುಕ್ ಕಪಾಟಿನಲ್ಲಿತ್ತು. ತೆಗೆದೆ.

ಮೊದಲ ಪುಟದಲ್ಲೇ ಗೆರೆ ಎಳೆದ ಒಂದು ಪಟ್ಟಿ. ಅಕ್ಷರವೆಲ್ಲ ಉರ್ದು. ಮೇಲಿನ ಮನೆಯ ನಿವೃತ್ತ ಮೇಷ್ಟರು ಕನ್ನಡಕ ಏರಿಸಿ ಓದಿದರು: "ಅಮರ್ದಾದ್, 1352. ಇದು ಕ್ಲಾಸಿನ ಟೈಮ್‌ಟೇಬಲ್ಲು."

1352 ಎಂದರೆ ಫಸಲಿ ವರ್ಷ. ನಮ್ಮ ಕಡೆ ಹಳೆಯ ಪಹಣಿ ನೋಡಿದವರಿಗೆಲ್ಲ ಫಸಲಿ ಗೊತ್ತು. ನಿಜಾಮರ ರಾಜ್ಯದಲ್ಲಿ ಸರಕಾರಿ ವರ್ಷ ಅಕ್ಟೋಬರಿನ ಮೊದಲ ವಾರ 'ಆಜೂರ್' ತಿಂಗಳಿನಿಂದ ಶುರುವಾಗುತ್ತಿತ್ತು. ಲೆಕ್ಕ ಹಾಕಿದರೆ ಅಜ್ಜನ ಅಮರ್ದಾದ್ 1943ರ ಜೂನ್ ತಿಂಗಳಿಗೆ ಬರುತ್ತದೆ. ಪಟ್ಟಿಯಲ್ಲಿ ಭಾನುವಾರ ಇತ್ತು, ಶುಕ್ರವಾರ ಇರಲಿಲ್ಲ. ಆಗ ವಾರದ ರಜೆ ಶುಕ್ರವಾರ. ನನ್ನ ಸೊಸೆ ರಜೆಯೆಂದು ಆರಾಮಾಗಿ ಕೂತಿದ್ದ ಭಾನುವಾರ, ಅಜ್ಜ ಅದೇ ಕಾಲೇಜಿನಲ್ಲಿ ಪಾಠ ಕೇಳುತ್ತಿದ್ದರು.

ಇಂಟರ್‌ಮೀಡಿಯೆಟ್ ಮುಗಿಸಿದ್ದು ಗುಲಬರ್ಗಾದಲ್ಲಿ. ಬಿ.ಎ. ಬೇಕೆಂದರೆ ಹೈದರಾಬಾದಿಗೇ ಬರಬೇಕು. ರಾಯಚೂರಿನಿಂದ ರೈಲು, ವಾಡಿಯಲ್ಲಿ ಗಾಡಿ ಬದಲು, ಅಲ್ಲಿಂದ ನಿಜಾಮರ ರೈಲು. ರಾಯಚೂರು, ಗುಲಬರ್ಗಾ, ಬೀದರ್ ಜಿಲ್ಲೆಗಳ ಎಷ್ಟೋ ಹುಡುಗರ ದಾರಿ ಇದೇ ಆಗಿತ್ತು. ಸಿದ್ಧಯ್ಯ ಪುರಾಣಿಕರು ಓದಿದ್ದೂ ಉಸ್ಮಾನಿಯಾದಲ್ಲೇ.

ಈ ವಿಶ್ವವಿದ್ಯಾಲಯ ಹುಟ್ಟಿದ್ದರ ಹಿಂದೆ ಒಂದು ದೊಡ್ಡ ಆಸೆಯಿತ್ತು. 1887ರಲ್ಲಿ ಶುರುವಾದ ನಿಜಾಮ್ ಕಾಲೇಜು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸೇರಿತ್ತು, ಅಲ್ಲಿ ಪಾಠ ಇಂಗ್ಲಿಷಿನಲ್ಲಿ. ಪರಭಾಷೆಯಲ್ಲಿ ಓದಿದರೆ ವಿದ್ಯಾರ್ಥಿಯ ಶಕ್ತಿಯೆಲ್ಲ ಬಾಯಿಪಾಠಕ್ಕೇ ಹೋಗುತ್ತದೆ, ದೇಶಭಾಷೆಯಲ್ಲೇ ಉನ್ನತ ಶಿಕ್ಷಣ ಸಿಗಬೇಕು ಎಂದು ಅಕ್ಬರ್ ಹೈದರಿ ಮತ್ತಿತರರು ವಾದಿಸಿದರು. 1917ರಲ್ಲಿ ನಿಜಾಮ್ ಮೀರ್ ಉಸ್ಮಾನ್ ಅಲಿ ಖಾನ್ ಒಪ್ಪಿದರು. ಅದೇ ಹೊತ್ತಿಗೆ ಭಾಷಾಂತರ ಸಂಸ್ಥೆ 'ದಾರುಲ್ ತರ್ಜುಮಾ' ಶುರುವಾಯಿತು. ಇತಿಹಾಸ, ಗಣಿತ, ವೈದ್ಯದ ನೂರಾರು ಪುಸ್ತಕಗಳು ಉರ್ದುವಿಗೆ ಬಂದವು. ಇಲ್ಲದ ಪದಗಳನ್ನು ಪಂಡಿತರು ಕೂತು ಕಟ್ಟಿದರು. ಇಂಗ್ಲಿಷ್ ಕಡ್ಡಾಯ ವಿಷಯವಾಗಿ ಉಳಿಯಿತು, ಮಾಧ್ಯಮವಾಗಿ ಉಳಿಯಲಿಲ್ಲ. ಬ್ರಿಟಿಷರ ಕಾಲದಲ್ಲಿ ಇದು ಸಣ್ಣ ಧೈರ್ಯವಲ್ಲ.

ಆದರೆ ದೇಶಭಾಷೆ ಎಂದರೆ ಯಾರ ಭಾಷೆ? ರಾಜ್ಯದ ಬಹುಪಾಲು ಜನ ತೆಲುಗು, ಮರಾಠಿ, ಕನ್ನಡ ಆಡುವವರು. ಅವರಿಗೆ ಇಂಗ್ಲಿಷಿನ ಬಾಗಿಲು ಹೋಗಿ ಉರ್ದುವಿನ ಬಾಗಿಲು ಬಂತು, ಅಷ್ಟೇ. ಅಜ್ಜನ ಪಟ್ಟಿಯಲ್ಲಿ ಇತಿಹಾಸ, ಅರ್ಥಶಾಸ್ತ್ರ, ಇಂಗ್ಲಿಷ್ ಇದ್ದವು. ಮುಸ್ಲಿಂ ಹುಡುಗರು ಧರ್ಮಶಾಸ್ತ್ರದ ತರಗತಿಗೆ ಹೋಗುವಾಗ ಉಳಿದವರು ಕೂರಬೇಕಾಗಿದ್ದ ನೀತಿಪಾಠವೂ ಇತ್ತು. ಕನ್ನಡ ಒಂದು ಭಾಷಾವಿಷಯವಾಗಿ ಮಾತ್ರ ಇತ್ತು. ಅಲ್ಲಿ ಕನ್ನಡ ಕಲಿಸಿದ ಡಿ.ಕೆ. ಭೀಮಸೇನರಾಯರ ಹೆಸರನ್ನು ನಮ್ಮ ಕಡೆಯ ಹಿರಿಯರು ಈಗಲೂ ಗೌರವದಿಂದ ಹೇಳುತ್ತಾರೆ.

ಪುಟ ತಿರುಗಿಸುವಾಗ ನನ್ನ ಸೊಸೆಯೇ ಅದನ್ನು ಮೊದಲು ಕಂಡದ್ದು. ಪ್ರತಿ ಉರ್ದು ಪದದ ಕೆಳಗೆ ಪೆನ್ಸಿಲಿನಲ್ಲಿ ಸಣ್ಣ ಕನ್ನಡ ಅಕ್ಷರ. 'ತಾರೀಖ್' ಕೆಳಗೆ ಇತಿಹಾಸ. 'ಮಆಶಿಯಾತ್' ಕೆಳಗೆ ಅರ್ಥಶಾಸ್ತ್ರ. 'ಅಖ್ಲಾಖಿಯಾತ್' ಕೆಳಗೆ ನೀತಿ. ಮುಂದಿನ ಪುಟಗಳಲ್ಲಿ ಬರೀ ಪದಗಳ ಪಟ್ಟಿಯೇ ಇತ್ತು.

ಅಜ್ಜನಿಗೆ ಉರ್ದು ಬಾರದೆ ಇರಲಿಲ್ಲ. ದೊಡ್ಡ ಶಾಲೆಯಿಂದಲೇ ಅವರ ಓದು ಉರ್ದುವಿನಲ್ಲಿ. ಹಾಗಾದರೆ ಇದೇಕೆ? ಅವ್ವನಿಗೆ ಫೋನು ಮಾಡಿದೆ. ಅವಳು ಹೇಳಿದ ಮಾತು ಹೀಗಿತ್ತು: "ಮೊದಲ ಸಲ ಸೂಟಿಗೆ ಊರಿಗೆ ಬಂದಾಗ ಅವರಪ್ಪ ಹೊಲದಾಗ ಕೂಡಿಸಿಕೊಂಡು, ಏನ್ ಓದ್ತೀಯೋ ತಮ್ಮಾ ಅಂತ ಕೇಳಿದರಂತ. ಕನ್ನಡದಾಗ ಹೇಳಾಕ ಬರಲಿಲ್ಲಂತ ನೋಡು. ಅದಾದ ಮ್ಯಾಲ ಬರಿಯಾಕ ಹತ್ತಿದರು."

ಅಂದರೆ ಆ ಪಟ್ಟಿ ಪರೀಕ್ಷೆಗೆ ಬರೆದದ್ದಲ್ಲ, ಅಪ್ಪನಿಗೆ ಬರೆದದ್ದು.

ಅದು ಇನ್ನೊಂದು ಕೆಲಸಕ್ಕೂ ಬಂತು. 1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆದು ಹೈದರಾಬಾದ್ ಭಾರತಕ್ಕೆ ಸೇರಿತು. ಉಸ್ಮಾನಿಯಾದಲ್ಲಿ ಉರ್ದು ಹೋಗಿ ಇಂಗ್ಲಿಷ್ ಬಂತು. ನಮ್ಮ ಜಿಲ್ಲೆಗಳ ಶಾಲೆಗಳಿಗೆ ಕನ್ನಡ ಬಂತು. ಉರ್ದುವಿನಲ್ಲಿ ಕಲಿತ ಮೇಷ್ಟರುಗಳೆಲ್ಲ ಕನ್ನಡದಲ್ಲಿ ಪಾಠ ಮಾಡಬೇಕಾಯಿತು. ಅವರಲ್ಲಿ ಅಜ್ಜನೂ ಒಬ್ಬರು. ಅವರ ಕೈಯಲ್ಲಿ ಆ ಪೆನ್ಸಿಲ್ ಪದಗಳಿದ್ದವು. 1956ರಲ್ಲಿ ನಮ್ಮ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕೆಳಗೆ ಹೋದವು. 1980ರಲ್ಲಿ ಗುಲಬರ್ಗಾಕ್ಕೇ ವಿಶ್ವವಿದ್ಯಾಲಯ ಬಂತು. ವಾಡಿಯಲ್ಲಿ ಗಾಡಿ ಬದಲಿಸಿ ಬರುವ ಹುಡುಗರು ಕಡಿಮೆಯಾದರು.

ಅಂದು ಸಂಜೆ ಇಬ್ಬರೂ ನಡೆದು ನೋಡುವುದೆಂದು ಹೊರಟೆವು. ತಾರ್ನಾಕಾ ಕಡೆಯಿಂದ ಒಳಹೊಕ್ಕರೆ ಆರ್ಟ್ಸ್ ಕಾಲೇಜಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು. ಮೊದಲು ನಗರದ ನಡುವಿನ ಬಾಡಿಗೆ ಕಟ್ಟಡಗಳಲ್ಲಿದ್ದ ವಿಶ್ವವಿದ್ಯಾಲಯವನ್ನು ಅಡಿಕ್‌ಮೆಟ್‌ನ ಈ ಬಂಡೆಗಾಡಿಗೆ ತಂದರು. ನಕ್ಷೆ ಮಾಡುವ ಮುಂಚೆ ಜೈನ್ ಯಾರ್ ಜಂಗ್ ಮತ್ತು ಸೈಯದ್ ಅಲಿ ರಜಾ ಎಂಬ ಇಬ್ಬರು ದೇಶದೇಶಗಳ ವಿಶ್ವವಿದ್ಯಾಲಯಗಳನ್ನು ಸುತ್ತಿ ಬಂದರು. ಬೆಲ್ಜಿಯಂನ ವಾಸ್ತುಶಿಲ್ಪಿ ಅರ್ನೆಸ್ಟ್ ಜಾಸ್ಪರ್ ವಿನ್ಯಾಸ ಮಾಡಿದರು. 1934ರಲ್ಲಿ ಅಡಿಗಲ್ಲು, 1939ರ ಡಿಸೆಂಬರಿನಲ್ಲಿ ಉದ್ಘಾಟನೆ. ಗುಲಾಬಿ ಛಾಯೆಯ ಕಲ್ಲು, ಗುಹಾದೇವಾಲಯಗಳನ್ನು ನೆನಪಿಸುವ ಕಂಬಗಳು, ಅವುಗಳ ಮೇಲೆ ಇಸ್ಲಾಮಿ ಕಮಾನು. ಅಜ್ಜ ಬಂದಾಗ ಈ ಕಟ್ಟಡಕ್ಕೆ ನಾಲ್ಕು ವರ್ಷವೂ ತುಂಬಿರಲಿಲ್ಲ.

ಅದಕ್ಕೂ ಮುಂಚೆ, 1938ರಲ್ಲಿ, ಹಾಸ್ಟೆಲಿನಲ್ಲಿ ವಂದೇ ಮಾತರಂ ಹಾಡಿದ್ದಕ್ಕೆ ಹುಡುಗರನ್ನು ಹೊರಹಾಕಿದ್ದರು. ಎಷ್ಟೋ ಜನ ನಾಗಪುರಕ್ಕೆ ಹೋಗಿ ಓದು ಮುಂದುವರಿಸಿದರು. ಪಿ.ವಿ. ನರಸಿಂಹರಾಯರು ಅವರಲ್ಲೊಬ್ಬರು. ಮೆಟ್ಟಿಲ ಮೇಲೆ ಕೂತು ಇದನ್ನು ಹೇಳಿದಾಗ ನನ್ನ ಸೊಸೆ ಸುಮ್ಮನೆ ಕೇಳಿದಳು. ಆಮೇಲೆ ವಾಚು ನೋಡಿ ಲೈಬ್ರರಿಯ ದಾರಿ ಹಿಡಿದಳು. ಹತ್ತು ನಿಮಿಷದಲ್ಲಿ ಹೋಗಬಹುದು, ಹೋಗಿ ಬರಲು ಆಗುವುದಿಲ್ಲ. ಲೈಬ್ರರಿಯನ್ನು ಮಧ್ಯಾಹ್ನದ ಬಿಡುವಿಗೆ ಹಾಕಿದಳು. ಬೆಳಗಿನ ಮೊದಲ ಕ್ಲಾಸಿಗೆ ಮನೆಯಿಂದ ಹೊರಡುವ ಹೊತ್ತನ್ನು ಅರ್ಧ ಗಂಟೆ ಹಿಂದಕ್ಕೆ ತಂದಳು. ನಕ್ಷೆ ನೋಡಿ ಮಾಡಿದ ವೇಳಾಪಟ್ಟಿಯಲ್ಲಿ ಅರ್ಧದಷ್ಟು ಕಾಲಿಗೆ ಸರಿಬರಲಿಲ್ಲ. ಹೊಸದಾಗಿ ಸೇರುವವರಿಗೆ ನಾನು ಹೇಳುವುದು ಇಷ್ಟೇ, ಪಾಠದ ಹಿಂದಿನ ದಿನ ಒಮ್ಮೆ ನಡೆದು ನೋಡಿ.

ಬರುವಾಗ ರೈಲ್ವೆ ಸ್ಟೇಷನ್ನಿನ ಫಲಕ ಕಂಡಿತು: ಜಾಮಿಯಾ ಉಸ್ಮಾನಿಯಾ. ಜಾಮಿಯಾ ಎಂದರೆ ವಿಶ್ವವಿದ್ಯಾಲಯ. ಒಳಗಿನ ಪಾಠದಿಂದ ಹೋದ ಭಾಷೆ ಸ್ಟೇಷನ್ನಿನ ಹೆಸರಲ್ಲಿ ಉಳಿದಿದೆ.

ಎರಡು ವಾರ ಕಳೆದ ಮೇಲೆ ಅವ್ವ ಫೋನಿನಲ್ಲಿ ಮೊಮ್ಮಗಳನ್ನು ಕೇಳಿದಳು, "ಏನ್ ಓದ್ತೀಯವ್ವಾ ಅಲ್ಲಿ?"

"ಹಿಸ್ಟೋರಿಯೋಗ್ರಫಿ ಅಂತ ಒಂದು ಅದ ಅಮ್ಮಾ" ಎಂದವಳು ತಡೆದಳು. ಆ ಕಡೆಯಿಂದಲೂ ಮಾತಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಹೇಳಿದಳು, "ಇತಿಹಾಸಾನ ಯಾರ್ಯಾರು ಹ್ಯಾಂಗ ಬರದಾರ ಅಂತ ನೋಡೂದು."

"ಹಂಗಾದ್ರ ನಮ್ಮಪ್ಪನ ಪುಸ್ತಕಾನೂ ನೋಡು" ಎಂದಳು ಅವ್ವ.

ಆ ರಾತ್ರಿ ಅವಳ ವೇಳಾಪಟ್ಟಿ ಊಟದ ಮೇಜಿನ ಮೇಲೇ ಇತ್ತು. ಇಂಗ್ಲಿಷ್ ಪತ್ರಿಕೆಗಳ ಹೆಸರಿನ ಕೆಳಗೆ ಪೆನ್ಸಿಲಿನಲ್ಲಿ ಕನ್ನಡ ಬರೆದಿದ್ದಳು. ಎರಡು ಜಾಗ ಖಾಲಿ ಬಿಟ್ಟಿದ್ದಳು. ಆ ಎರಡಕ್ಕೆ ಕನ್ನಡದಲ್ಲಿ ಏನನ್ನುತ್ತಾರೆಂದು ನನಗೂ ಹೊಳೆಯಲಿಲ್ಲ.