ಕಬ್ಬಿನಹಾಲಿಲ್ಲದ ಆಲೆಮನೆ

ಅಡಿಕೆ ಕೊಯ್ಲು ಮುಗಿದು, ಸುಲಿದು ಬೇಯಿಸಿದ ಅಡಿಕೆ ಅಂಗಳದ ಅಟ್ಟದ ಮೇಲೆ ಒಣಗತೊಡಗಿತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಹವ್ಯಕರ ಮನೆಗಳಿಗೆ ಒಂದು ಕರೆ ಬರುತ್ತದೆ. 'ನಾಳೆ ನಮ್ಮನೆ ಆಲೆಮನೆ, ಹಾಲು ಕುಡಿಯಲೆ ಬನ್ನಿ.' ಈ ಹಾಲು ಎಮ್ಮೆಯದೂ ಅಲ್ಲ, ಆಕಳದೂ ಅಲ್ಲ. ಇಲ್ಲಿಯವರ ಮಾತಿನಲ್ಲಿ ಕಬ್ಬಿನ ರಸಕ್ಕೆ ಕಬ್ಬಿನಹಾಲು ಎಂದೇ ಹೆಸರು. ಫೆಬ್ರವರಿ, ಮಾರ್ಚ್ ತಿಂಗಳ ಸಂಜೆ, ಗದ್ದೆಯ ಮೂಲೆಯಲ್ಲಿ ಹಾಕಿದ ಸೋಗೆಯ ಚಪ್ಪರದ ಕೆಳಗೆ ಹತ್ತಾರು ಮನೆಯವರು ಸೇರುತ್ತಾರೆ. ಚೆಂಬಿನಲ್ಲಿ ಹಾಲು, ಅದಕ್ಕೆ ಲಿಂಬೆಯ ಹುಳಿ, ಶುಂಠಿ. ಜೊತೆಗೆ ಖಾರ ಹಚ್ಚಿದ ಮಂಡಕ್ಕಿ, ಮಿರ್ಚಿ ಭಜಿ. ಸಿಹಿ ಬಾಯಿಗೆ ಮೊಗೆಯುತ್ತ ಬಂದಾಗ ಖಾರ, ಖಾರ ಹೆಚ್ಚಾದಾಗ ಮತ್ತೆ ಹಾಲು. ಎಷ್ಟು ಲೋಟ ಕುಡಿದೆ ಎಂಬ ಪಂತ ಹುಡುಗರದು.

ಮೇ ತಿಂಗಳ ಕೊನೆಯ ಸೋಮವಾರ, ಅಮೆರಿಕದ 'ಮೆಮೋರಿಯಲ್ ಡೇ' ರಜೆಯ ಆಸುಪಾಸಿನಲ್ಲಿ ಇದೇ ಸೀಮೆಯ ಮಕ್ಕಳು ಅಲ್ಲಿಯ ಯಾವುದೋ ಊರಿನ ಪಾರ್ಕಿನಲ್ಲಿ ಸೇರುತ್ತಾರೆ. ಅಲ್ಲೂ ಚಪ್ಪರವಿದೆ, ನಗರಸಭೆಗೆ ಶುಲ್ಕ ಕಟ್ಟಿ ಮುಂಗಡ ಕಾದಿರಿಸಿದ್ದು. ಅಲ್ಲೂ ಒಲೆಯಿದೆ, ಇದ್ದಿಲಿನ ಕಬ್ಬಿಣದ ಗ್ರಿಲ್. ಹಿಂದಿನ ದಿನ ಅದರ ಮೇಲೆ ಯಾರೋ ಮಾಂಸ ಸುಟ್ಟಿರುತ್ತಾರಾದ್ದರಿಂದ ಅಲ್ಯೂಮಿನಿಯಂ ಹಾಳೆ ಹಾಸಿ, ಅದರ ಮೇಲೆ ಮೆಕ್ಕೆಜೋಳದ ತೆನೆ ಸುಟ್ಟು ಉಪ್ಪು, ಖಾರ, ಲಿಂಬೆ ಸವರುತ್ತಾರೆ. ಒಬ್ಬೊಬ್ಬರ ಮನೆಯಿಂದ ಒಂದೊಂದು ಪದಾರ್ಥ: ಬಿಸಿಬೇಳೆಬಾತು, ಮೊಸರನ್ನ, ಯಾರೋ ಉತ್ಸಾಹಿ ತಂದ ತಂಬುಳಿ. ಲಗೋರಿ, ಹಗ್ಗ ಜಗ್ಗಾಟ. ಪಿಕ್ನಿಕ್ ಎಂಬ ಹೆಸರು ಹೊಸದು. ವಸಂತದಲ್ಲಿ ಬಯಲಿಗೆ ಹೋಗಿ ಒಟ್ಟಾಗಿ ಉಣ್ಣುವ ಅಭ್ಯಾಸ ಮಾತ್ರ ಅವರು ಊರಿನಿಂದ ಕಟ್ಟಿಕೊಂಡು ಹೋದದ್ದು. ಆದರೆ ಕಟ್ಟಿಕೊಂಡು ಹೋಗುವಾಗ ಒಂದು ತುಂಡು ಇಲ್ಲೇ ಉಳಿಯಿತು.

ಅದು ಯಾವುದೆಂದು ತಿಳಿಯಲು ಆಲೆಮನೆಯನ್ನು ಕೊಂಚ ಹತ್ತಿರದಿಂದ ನೋಡಬೇಕು. ಆಲೆಮನೆ ಮೂಲತಃ ಔತಣವಲ್ಲ, ದುಡಿಮೆ. ಮನೆಬಳಕೆಗೆಂದು ಒಂದಿಷ್ಟು ಗದ್ದೆಯಲ್ಲಿ ಬೆಳೆದ ಕಬ್ಬನ್ನು ಕಡಿದು, ಸವರಿ, ಗಾಣಕ್ಕೆ ಕೊಡಬೇಕು. ಹಿಂದೆ ಗಾಣ ತಿರುಗಿಸುತ್ತಿದ್ದುದು ಕೋಣಗಳು, ಆಮೇಲೆ ಡೀಸೆಲ್ ಎಂಜಿನ್ ಬಂತು. ಹಿಂಡಿದ ಹಾಲು ದೊಡ್ಡ ಕೊಪ್ಪರಿಗೆ ಸೇರುತ್ತದೆ. ಕೆಳಗೆ ಉರಿ, ಅದಕ್ಕೆ ಒಣಗಿದ ಕಬ್ಬಿನ ಸಿಪ್ಪೆಯೇ ಸೌದೆ. ಕೊಳೆ ತೆಗೆಯುತ್ತ, ಕದಡುತ್ತ ಗಂಟೆಗಟ್ಟಲೆ ಕುದಿಸಿದರೆ ಬೆಲ್ಲ. ನಮ್ಮ ಮಲೆನಾಡಿನ ಮಳೆಗಾಲದ ತೇವಕ್ಕೆ ಅಚ್ಚುಬೆಲ್ಲ ನಿಲ್ಲುವುದಿಲ್ಲವೆಂದೋ ಏನೋ, ಇಲ್ಲಿ ಹೆಚ್ಚು ಮಾಡುವುದು ಡಬ್ಬಿಯಲ್ಲಿ ತುಂಬಿಡುವ ಜೋನಿಬೆಲ್ಲ. ಮಗುಚಿಟ್ಟ ಮಡಕೆಯನ್ನು ಕಾಯಿಸಿ, ಅದರ ಬೆನ್ನಿಗೆ ಕಬ್ಬಿನಹಾಲಿನಲ್ಲಿ ಕಲಸಿದ ಅಕ್ಕಿಹಿಟ್ಟನ್ನು ಬಟ್ಟೆ ಸುತ್ತಿದ ಕೋಲಿನಿಂದ ತೊಡೆದು ಎಬ್ಬಿಸುವ ಕಾಗದದಷ್ಟು ತೆಳುವಾದ ತೊಡೆದೇವು ಕೂಡ ಈ ಕಾಲದ್ದೇ. ತೊಡೆಯುವುದೆಂದರೆ ಸವರುವುದು, ಹೆಸರು ಬಂದದ್ದು ಅಲ್ಲಿಂದ.

ಇಷ್ಟು ಕೆಲಸ ಒಂದು ಮನೆಯವರಿಂದ ಆಗುವುದಲ್ಲ. ಒಬ್ಬರ ಗಾಣಕ್ಕೆ ಇನ್ನೊಬ್ಬರು, ಅವರ ಗಾಣಕ್ಕೆ ಇವರು. ಇದಕ್ಕೆ ಮುಯ್ಯಾಳು ಎನ್ನುತ್ತಾರೆ. ಕೂಲಿಯ ಲೆಕ್ಕವಿಲ್ಲ, ಆದರೆ ಲೆಕ್ಕವೇ ಇಲ್ಲವೆಂದಲ್ಲ. ಯಾರು ಯಾರಿಗೆ ಎಷ್ಟು ದಿನ ಬಂದರೆಂಬುದು ಎಲ್ಲರ ನೆನಪಿನಲ್ಲೂ ಇರುತ್ತದೆ. ಹಾಲು ಕುಡಿಯಲು ಬನ್ನಿ ಎಂಬ ಕರೆಯ ಹಿಂದೆ ಈ ಋಣವಿತ್ತು. ಹಾಗೆಂದು ಅದನ್ನು ಸಮಾನತೆಯ ಸ್ವರ್ಗವೆಂದು ಬಣ್ಣಿಸಬೇಕಿಲ್ಲ. ಉರಿಯ ಮುಂದೆ ಬೆವರಿದ ಆಳಿಗೂ ಚಾಪೆಯ ಮೇಲೆ ಕುಳಿತ ನೆಂಟನಿಗೂ ಹಾಲಿನ ಲೋಟ ಬೇರೆ ಬೇರೆಯಾಗಿದ್ದ ಕಾಲವದು. ಹಳೆಯದನ್ನು ನೆನೆಯುವ ನಮ್ಮ ಲೇಖನಗಳು ಇದನ್ನು ಮರೆತುಬಿಡುತ್ತವೆ.

ಇನ್ನು ಊರು ಬಿಟ್ಟವರ ಕತೆ. 1862ರಲ್ಲಿ ಉತ್ತರ ಕನ್ನಡವು ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು, 1956ರವರೆಗೆ ಅಲ್ಲೇ ಇತ್ತು. ಹೀಗಾಗಿ ಓದು, ನೌಕರಿಗೆಂದು ಘಟ್ಟದ ಮೇಲಿನ ಹುಡುಗರು ನೋಡಿದ ದಿಕ್ಕು ಧಾರವಾಡ ಮತ್ತು ಮುಂಬಯಿ. ಬೆಂಗಳೂರಿನ ದಾರಿ ಹಸನಾದದ್ದು ಏಕೀಕರಣದ ನಂತರ. ಸಮುದ್ರ ದಾಟುವುದಂತೂ ಇಚ್ಛೆಯ ಮಾತಾಗಿರಲಿಲ್ಲ. ಅಮೆರಿಕದ 1946ರ ಕಾನೂನೊಂದು ಭಾರತಕ್ಕೂ ಫಿಲಿಪ್ಪೀನ್ಸಿಗೂ ವರ್ಷಕ್ಕೆ ತಲಾ 100 ಜನರ ಪಾಲನ್ನು ನಿಗದಿ ಮಾಡಿತ್ತು. ಇಡೀ ಭಾರತಕ್ಕೆ ನೂರು! 1965ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ ಹೊಸ ವಲಸೆ ಕಾಯಿದೆ ದೇಶವಾರು ಪಾಲಿನ ಈ ಹಳೆಯ ಪದ್ಧತಿಯನ್ನು ತೆಗೆದು ಹಾಕಿತು. ವೈದ್ಯರು, ಎಂಜಿನಿಯರರು ಹೊರಟರು. ಕಂಪ್ಯೂಟರಿನವರು ಬಂದದ್ದು 1990ರ ದಶಕದಲ್ಲಿ.

ಮೊದಲು ಹೋದವರಿಗೆ ಕನ್ನಡ ಮಾತಾಡುವ ಇನ್ನೊಂದು ಮನೆ ಸಿಕ್ಕುವುದೇ ದೊಡ್ಡದು. ಹತ್ತಿಪ್ಪತ್ತು ಮನೆಗಳಾದಾಗ ಕೂಟಗಳು ಹುಟ್ಟಿದವು; ಉತ್ತರ ಕ್ಯಾಲಿಫೋರ್ನಿಯಾ ಕನ್ನಡ ಕೂಟ 1973ರದು, ಇಂಗ್ಲೆಂಡಿನ ಕನ್ನಡ ಬಳಗ 1983ರದು. ಅಮೆರಿಕದ ಹವ್ಯಕರು 1980ರ ದಶಕದ ಆರಂಭದಲ್ಲಿ ತಮ್ಮದೇ ಸಂಘ ಕಟ್ಟಿ, ಎರಡು ವರ್ಷಕ್ಕೊಮ್ಮೆ ಸಮ್ಮೇಳನ ನಡೆಸುತ್ತ ಬಂದರು. ಶಿರಸಿಯ ಮಾರಿಕಾಂಬೆಯ ಜಾತ್ರೆಯೂ ಎರಡು ವರ್ಷಕ್ಕೊಮ್ಮೆಯೇ! ಆದರೆ ಅಲ್ಲಿಯ ಪಂಚಾಂಗವನ್ನು ನಡೆಸುವುದು ತಿಥಿಯಲ್ಲ, ಶನಿವಾರ. ಯುಗಾದಿಯ ಹೊತ್ತಿಗೆ ಉತ್ತರದ ರಾಜ್ಯಗಳಲ್ಲಿ ಇನ್ನೂ ಹಿಮ ಕರಗಿರುವುದಿಲ್ಲ. ಆದ್ದರಿಂದ ಬೇವು ಬೆಲ್ಲ ಬಾಡಿಗೆಯ ಶಾಲಾ ಸಭಾಂಗಣದಲ್ಲಿ, ವಸಂತ ಮಾತ್ರ ಮೇ ತಿಂಗಳಿಗೆ ಮುಂದೂಡಿಕೆ. ಕಾರ್ತಿಕದಲ್ಲಿ ನೆಲ್ಲಿಮರದ ಕೆಳಗೆ ಉಣ್ಣುವ ನಮ್ಮ ವನಭೋಜನ ಅಲ್ಲಿ ನಡೆಯದು. ನವೆಂಬರಿನ ಚಳಿಯಲ್ಲಿ ಮರದಡಿ ಕೂರುವವರು ಯಾರು? ಹೀಗೆ ಆಲೆಮನೆ, ವನಭೋಜನ, ಯುಗಾದಿ ಮೂರೂ ಸೇರಿ ಒಂದು ಪಿಕ್ನಿಕ್ ಆಗಿದೆ.

ಊಟದ ಸಾಮಾನಿನ ಕತೆ ಇನ್ನೂ ಸ್ವಾರಸ್ಯ. ತಾಜಾ ಅಪ್ಪೆಮಿಡಿ ಕಸ್ಟಮ್ಸ್ ದಾಟುವಂತಿಲ್ಲ, ಉಪ್ಪಿನಕಾಯಿಯಾದರೆ ದಾಟುತ್ತದೆ. ಅಪ್ಪೆಹುಳಿಗೆ ಮೆಕ್ಸಿಕನ್ನರ ಅಂಗಡಿಯ ಮಾವಿನಕಾಯಿ, ಪರಿಮಳ ಇಲ್ಲದಿದ್ದರೂ ಹುಳಿಯಾದರೂ ಇದೆ. ಹಲಸು ಥಾಯ್ ಅಂಗಡಿಯ ಡಬ್ಬಿಯಿಂದ. ಬಾಳೆಎಲೆ ಬೇಕೆಂದರೆ ಫಿಲಿಪ್ಪೀನ್ಸಿನವರ ಅಂಗಡಿಯ ಶೀತಪೆಟ್ಟಿಗೆಗೆ ಕೈ ಹಾಕಬೇಕು. ಅವರೂ ಬಾಳೆಎಲೆ ಹಾಸಿ, ಅನ್ನ ಸುರಿದು, ಸುತ್ತ ನಿಂತು ಕೈಯಿಂದಲೇ ಉಣ್ಣುವ ಜನ. 1946ರಲ್ಲಿ ನಮ್ಮೊಂದಿಗೆ ನೂರರ ಸಾಲಿನಲ್ಲಿ ನಿಂತಿದ್ದವರ ಜೊತೆ ಹೀಗೊಂದು ಎಲೆಯ ನೆಂಟಸ್ತಿಕೆ.

ಆ ಜನರ ಇನ್ನೊಂದು ಹೊರಸಂಚಾರವನ್ನೂ ಇಲ್ಲಿ ನೆನೆಯಬೇಕು. ಹಾಂಕಾಂಗಿನಲ್ಲಿ ಮನೆಗೆಲಸ ಮಾಡುವ ಫಿಲಿಪ್ಪೀನ್ಸಿನ ಹೆಂಗಸರು ಭಾನುವಾರದ ರಜೆಗೆ ನಗರದ ನಡುಮಧ್ಯದ ಸ್ಟ್ಯಾಚ್ಯೂ ಸ್ಕ್ವೇರ್ ಸುತ್ತ ಸಾವಿರಗಟ್ಟಲೆ ಸೇರಿ, ರಟ್ಟಿನ ಹಾಳೆ ಹಾಸಿ, ಬುತ್ತಿ ಬಿಚ್ಚಿ ಉಣ್ಣುತ್ತಾರೆ. ಅಲ್ಲಿಯ ನಿಯಮದಂತೆ ಅವರು ಯಜಮಾನರ ಮನೆಯಲ್ಲೇ ವಾಸಿಸಬೇಕು. ಗೆಳತಿಯರನ್ನು ಊಟಕ್ಕೆ ಕರೆಯಲು ಸ್ವಂತದ್ದೊಂದು ಕೋಣೆಯಿಲ್ಲ. ನಮ್ಮ ಎಂಜಿನಿಯರರು ಪಾರ್ಕಿಗೆ ಹೋಗುವುದು ಮನೆ ಇದ್ದೂ, ಅವರು ಬೀದಿಗೆ ಬರುವುದು ಮನೆ ಇಲ್ಲದೆ. ಪರದೇಶದ ಸಹಭೋಜನವೆಂದು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಪರಸ್ಥಳದಲ್ಲಿ ಕುಳಿತು ವಸಂತವನ್ನು ನೆನೆಯುವುದು ಶಿರಸಿ ತಾಲೂಕಿಗಂತೂ ಹೊಸತಲ್ಲ. ಸುಮಾರು 941ರಲ್ಲಿ 'ವಿಕ್ರಮಾರ್ಜುನ ವಿಜಯ' ಬರೆದ ಪಂಪ ಇದ್ದದ್ದು ಈಗಿನ ತೆಲಂಗಾಣದ ವೇಮುಲವಾಡದಲ್ಲಿ, ಅರಿಕೇಸರಿಯ ಆಸ್ಥಾನದಲ್ಲಿ. ಅಲ್ಲಿಂದ ಆತ ಹಾಡಿ ಹೊಗಳಿದ್ದು ಬನವಾಸಿಯನ್ನು. ಆ ಪದ್ಯಗಳಲ್ಲಿ ಮಲ್ಲಿಗೆ, ಮಾವಿನಷ್ಟೇ ಮುಖ್ಯವಾಗಿ ಕಾಣುವುದು ಒಟ್ಟುಗೂಡಿ ಕುಳಿತವರ ಗೋಷ್ಠಿಯ ಸುಖ.

ಹಾಗಾದರೆ ಇಲ್ಲೇ ಉಳಿದ ತುಂಡು ಯಾವುದು? ಮುಯ್ಯಿ. ಪಾರ್ಕಿನಲ್ಲಿ ಒಬ್ಬರು ಅನ್ನ ತಂದರೆ ಇನ್ನೊಬ್ಬರು ಹುಳಿ ತರುತ್ತಾರೆ, ಸಂಜೆಗೆ ಲೆಕ್ಕ ಚುಕ್ತಾ. ಮುಂದಿನ ವರ್ಷ ಬೇರೆ ಊರಿಗೆ ವರ್ಗವಾದರೂ ಯಾರ ಬೆಲ್ಲವೂ ಕೊಪ್ಪರಿಗೆಯಲ್ಲಿ ಸೀದು ಹೋಗುವುದಿಲ್ಲ. ಹಾಗೆಂದು ಅಲ್ಲಿ ಋಣವೇ ಇಲ್ಲವೆನ್ನಲಾರೆ. ಬಾಣಂತನಕ್ಕೆ ತಾಯಿ ಬರುವುದು ತಡವಾದಾಗ ಅಡುಗೆ ತಂದುಕೊಡುವವರು, ಕೆಲಸ ಹೋದಾಗ ಬೇರೆ ಕಡೆ ಹೇಳಿಸುವವರು ಈ ಪಿಕ್ನಿಕ್ಕಿನಲ್ಲಿ ಪರಿಚಯವಾದವರೇ. ಆ ಮುಯ್ಯಿ ಮನೆಯೊಳಗಿನದು, ಗದ್ದೆಯದಲ್ಲ.

ಗದ್ದೆಯ ಮುಯ್ಯಿಗೆ ಇಲ್ಲಿಯೂ ಕುತ್ತು ಬಂದಿದೆ. ಕಬ್ಬಿನ ಗದ್ದೆಗಳಲ್ಲಿ ಎಷ್ಟೋ ಅಡಿಕೆ ತೋಟಗಳಾಗಿವೆ. ಉಳಿದ ಕಬ್ಬಿಗೆ ಮಂಗ, ಕಾಡುಹಂದಿಗಳ ಕಾಟ. ಕಡಿಯಲು ಜನವಿಲ್ಲ, ಮುಯ್ಯಾಳಿಗೆ ಬರಬೇಕಾದವರು ದೂರದ ಊರುಗಳಲ್ಲಿದ್ದಾರೆ. ಇತ್ತೀಚೆಗೆ ಆಲೆಮನೆ ಹಬ್ಬಗಳು ನಡೆಯುತ್ತಿವೆ, ಕಬ್ಬಿನಹಾಲಿಗೆ ದರವಿದೆ. ರಜೆಗೆ ಬಂದ ಮಕ್ಕಳು ಖುಷಿಯಿಂದ ಲೋಟ ಕೊಂಡು ಕುಡಿಯುತ್ತಾರೆ. ತಪ್ಪೇನಿಲ್ಲ, ಕೊಪ್ಪರಿಗೆಯಾದರೂ ಬಿಸಿಯಾಗಿರುತ್ತದೆ.

ಹಳ್ಳಿಯ ಮನೆಗಳಲ್ಲಿ ಉಳಿದವರು ಹೆಚ್ಚಾಗಿ ಅಪ್ಪ, ಅಮ್ಮ. ಅಮೆರಿಕಕ್ಕೆ ಪ್ರವಾಸಿಯಾಗಿ ಹೋದವರಿಗೆ ಸಾಮಾನ್ಯವಾಗಿ ಆರು ತಿಂಗಳು ತಂಗಲು ಬಿಡುತ್ತಾರೆ. ಅಡಿಕೆಯ ಕೆಲಸ ಮುಗಿಸಿ ಏಪ್ರಿಲಿನಲ್ಲಿ ಹೊರಟರೆ ಪಾರ್ಕಿನ ಊಟಕ್ಕೆ ಸರಿಯಾಗಿ ಸಿಗುತ್ತಾರೆ. ಪೆಟ್ಟಿಗೆಯಲ್ಲಿ ಬಟ್ಟೆಗಳ ನಡುವೆ, ಮುರಿಯದಂತೆ ಡಬ್ಬಿಯಲ್ಲಿಟ್ಟ ತೊಡೆದೇವು. ಅವತ್ತಿನ ಪಿಕ್ನಿಕ್ಕಿನಲ್ಲಿ ಮೊದಲು ಖಾಲಿಯಾಗುವುದೇ ಅದು. ಆದರೆ ಜೂನ್ ಬಂತೆಂದರೆ ಅಡಿಕೆಗೆ ಕೊಳೆರೋಗದ ಹೆದರಿಕೆ. ಮಳೆ ಬಲಿಯುವ ಮೊದಲೇ ಕೊನೆಗೌಡನನ್ನು ಹಿಡಿದು, ಮರ ಹತ್ತಿಸಿ, ಬೋರ್ಡೋ ದ್ರಾವಣ ಹೊಡೆಸಬೇಕು. ಎಲ್ಲ ತೋಟಕ್ಕೂ ಅವನೊಬ್ಬನೇ ಬೇಕು. ಆದ್ದರಿಂದ ಎಷ್ಟೋ ಮನೆಗಳಲ್ಲಿ ಅಮ್ಮ ಮೊಮ್ಮಗುವಿನ ಜೊತೆ ಉಳಿದು, ಅಪ್ಪ ಒಬ್ಬರೇ ಬೇಗ ಮರಳುತ್ತಾರೆ. ಪೂರ್ವ ಕರಾವಳಿಯ ಊರಿನಲ್ಲಿ ಬೆಳಿಗ್ಗೆ ಒಂಬತ್ತು, ಸಿದ್ದಾಪುರದಲ್ಲಿ ಸಂಜೆ ಆರೂವರೆ. ಮಗ ಕಾರಿಗೆ ಪಿಕ್ನಿಕ್ಕಿನ ಸಾಮಾನು ಏರಿಸುತ್ತಿರುವಾಗ ಅಪ್ಪ ಊರಿಗೆ ಫೋನು ಹಚ್ಚಿ ಕೇಳುವುದು ಎರಡೇ ಮಾತು: ಮಳೆ ಬಂತೋ, ಕೊನೆಗೌಡ ಯಾವತ್ತು ಬರ್ತೆ ಅಂದ?