ಮೌಲೂದಿ ಶಕೆ: ಶ್ರೀರಂಗಪಟ್ಟಣದ ಒಂದು ಕಾಲಗಣನೆ

ಯುಗಾದಿಯಂದು ಕಲ್ಯಾಣ, ಡೊಂಬಿವಲಿಗಳ ಕನ್ನಡ ಮನೆಗಳಲ್ಲಿ ಪಂಚಾಂಗಶ್ರವಣ ನಡೆಯುವಾಗ ನೆರೆಯ ಮರಾಠಿ ಮನೆಗಳಲ್ಲಿ ಗುಡಿ ಏರಿರುತ್ತದೆ. ಎರಡಕ್ಕೂ ಆಧಾರ ಒಂದೇ ಚಾಂದ್ರಮಾನ. ಅರವತ್ತು ಸಂವತ್ಸರಗಳ ಒಂದೇ ಚಕ್ರ. ಈ ಕ್ರಮವನ್ನು ಮುಸಲ್ಮಾನ ದೊರೆಯೊಬ್ಬನು ತನ್ನ ರಾಜ್ಯದ ಕಾಲಗಣನೆಗೆ ಅಳವಡಿಸಿಕೊಂಡಿದ್ದನೆಂಬುದು ಅಷ್ಟಾಗಿ ತಿಳಿದ ಸಂಗತಿಯಲ್ಲ. ಕ್ರಿ. ಶ. 1787ರಲ್ಲಿ ಟಿಪ್ಪು ಸುಲ್ತಾನನು ಪ್ರವರ್ತಿಸಿದ ಮೌಲೂದಿ ಶಕೆಯೇ ಅದು. ಇದನ್ನು ಕೇವಲ ಅರಸನ ಚಾಪಲ್ಯವೆಂದು ತಳ್ಳಿಹಾಕುವುದು ಸುಲಭ. ಆದರೆ ಇಸ್ಲಾಮಿನ ಕಾಲವಿಚಾರವನ್ನೂ ದಖ್ಖಣದ ಆಡಳಿತವನ್ನೂ ಕೂಡಿಸಿ ನೋಡಿದರೆ ಬೇರೊಂದು ಅರ್ಥ ಹೊಳೆಯುತ್ತದೆ.

ಜಗತ್ತು ಆರು ದಿನಗಳಲ್ಲಿ ಸೃಷ್ಟಿಯಾಯಿತೆಂದು ಕುರಾನು ಹೇಳುತ್ತದೆ. ದೇವರ ಒಂದು ದಿನವು ಮನುಷ್ಯರ ಸಾವಿರ ವರ್ಷಗಳಿಗೆ ಸಮಾನವೆಂದೂ ಅದರಲ್ಲಿಯೇ ಇದೆ. ಕಾಲವೂ ಜಗತ್ತಿನೊಡನೆ ಸೃಷ್ಟಿಯಾದುದೇ, ಆದ್ದರಿಂದ ಅದಕ್ಕೆ ಮುಂಚೆ ಕಾಲವೆಂಬುದಿರಲಿಲ್ಲವೆಂದು ಗಜಾಲಿ (1058–1111) ವಾದಿಸಿದನು. ಜಗತ್ತು ಅನಾದಿಯೆಂಬ ದಾರ್ಶನಿಕರ ಮತವನ್ನು ಖಂಡಿಸಿದ ಅದೇ ಗ್ರಂಥದ ಆರಂಭದಲ್ಲಿ ಆತನು ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟಿದ್ದಾನೆ: ಗ್ರಹಣದ ಗಣಿತವನ್ನು ಧರ್ಮದ ಹೆಸರಿನಲ್ಲಿ ಅಲ್ಲಗಳೆಯುವವನು ಧರ್ಮಕ್ಕೇ ಅಪಕಾರ ಮಾಡುತ್ತಾನೆ. ಸೃಷ್ಟಿಯ ತತ್ತ್ವ ಬೇರೆ, ಆಕಾಶದ ಲೆಕ್ಕ ಬೇರೆ ಎಂಬ ವಿವೇಕ ಇದರಲ್ಲಿದೆ.

ಆದರೆ ಪಂಚಾಂಗದಲ್ಲಿ ನಿಜವಾದ ತೊಡಕೊಂದಿತ್ತು. ಮಾಸಗಳು ಹನ್ನೆರಡೇ ಎಂದು ಹೇಳುವ ಕುರಾನು, ಮಾಸಗಳನ್ನು ಮುಂದೂಡುವ ಹಿಂದಿನ ಅರಬರ ಪದ್ಧತಿಯನ್ನು ನಿಷೇಧಿಸಿತು. ಆದಕಾರಣ ಹಿಜರಿಯಲ್ಲಿ ಅಧಿಕಮಾಸವಿಲ್ಲ. ಸುಮಾರು 354 ದಿನಗಳ ಆ ವರ್ಷವು ಋತುಗಳಿಗಿಂತ ಪ್ರತಿ ವರ್ಷ 11 ದಿನ ಹಿಂದೆ ಸರಿಯುತ್ತದೆ. ಉಪವಾಸ, ಯಾತ್ರೆಗಳಿಗೆ ಇದರಿಂದ ಬಾಧಕವಿಲ್ಲ. ಕಂದಾಯಕ್ಕೆ ಮಾತ್ರ ಬಾಧಕವುಂಟು. 33 ಚಾಂದ್ರವರ್ಷಗಳಲ್ಲಿ ರೈತನು ಕಾಣುವುದು 32 ಸುಗ್ಗಿಗಳನ್ನೇ. ವರ್ಷಕ್ಕೊಮ್ಮೆ ತೆರಿಗೆಯೆಂದರೆ ಒಂದು ತೆರಿಗೆಯನ್ನು ಇಲ್ಲದ ಬೆಳೆಯಿಂದ ತೆರಬೇಕಾಗುತ್ತಿತ್ತು.

ಇದಕ್ಕೆ ಪರಿಹಾರವನ್ನು ಮುಸಲ್ಮಾನ ಅರಸರೇ ಹುಡುಕಿದರು. 1079ರಲ್ಲಿ ಮಲಿಕ್ ಶಾಹನು ಜಾರಿಗೆ ತಂದ ಜಲಾಲಿ ಸೌರವರ್ಷದ ರಚನೆಯಲ್ಲಿ ಉಮರ್ ಖಯ್ಯಾಮನ ಪಾಲಿತ್ತು. 1584ರಲ್ಲಿ ಅಕ್ಬರನ ಇಲಾಹಿ ಶಕೆಯನ್ನು ಸಿದ್ಧಪಡಿಸಿದ ಫತಹುಲ್ಲಾ ಶೀರಾಜಿಯು ಮೊದಲು ಬಿಜಾಪುರದ ಒಂದನೆಯ ಅಲಿ ಆದಿಲಶಾಹನ ಆಸ್ಥಾನದಲ್ಲಿದ್ದವನು. ದಖ್ಖಣದಲ್ಲಿ ಇನ್ನೂ ಹಿಂದೆ, 1344ರ ಸುಮಾರಿಗೆ, ಶುಹೂರ್ ಸನ್ ಎಂಬ ಸೌರಗಣನೆ ಬಳಕೆಗೆ ಬಂದಿತ್ತು. ಅದರ ವರ್ಷಾರಂಭ ಸೂರ್ಯನು ಮೃಗಶಿರಾ ನಕ್ಷತ್ರವನ್ನು ಪ್ರವೇಶಿಸುವ ದಿನ, ಅಂದರೆ ಬಿತ್ತನೆಯ ಕಾಲ. ಆದಿಲಶಾಹಿಯ ಕಾಗದಪತ್ರಗಳಲ್ಲಿಯೂ ಅನಂತರ ಮರಾಠರ ದಫ್ತರಗಳಲ್ಲಿಯೂ ಇದೇ ಗಣನೆ ಕಾಣುತ್ತದೆ. 1636ರಿಂದ 1657ರವರೆಗೆ ಕಲ್ಯಾಣವು ಬಿಜಾಪುರದ ಆಳ್ವಿಕೆಯಲ್ಲಿತ್ತೆಂಬುದನ್ನು ಇಲ್ಲಿ ನೆನೆಯಬಹುದು.

ಟಿಪ್ಪುವಿನ ಶಕೆ ಈ ಪರಂಪರೆಗೆ ಸೇರಿದುದಾದರೂ ಕನ್ನಡನಾಡಿನ ಪಂಚಾಂಗಕ್ಕೆ ಇನ್ನಷ್ಟು ಹತ್ತಿರವಾದುದು. ಅದರ ವರ್ಷ ಚೈತ್ರದಿಂದ ಆರಂಭ, ಅಧಿಕಮಾಸವುಂಟು, ಅರವತ್ತು ವರ್ಷಗಳಿಗೂ ಬೇರೆಬೇರೆ ಹೆಸರುಗಳುಂಟು. ಮಾಸಗಳಿಗೆ ಮೊದಲು ಅಹಮದಿ, ಬಹಾರಿ, ಜಾಫರಿ ಮುಂತಾದ ಹೆಸರುಗಳಿದ್ದವು. ಅಲಿಫ್ ಒಂದು, ಬೇ ಎರಡು, ಜೀಮ್ ಮೂರು ಎಂಬ ಅರಬ್ಬಿ ಅಕ್ಷರಸಂಖ್ಯೆಯಂತೆ ಹೆಸರಿನ ಮೊದಲಕ್ಷರವೇ ಮಾಸದ ಕ್ರಮವನ್ನು ಸೂಚಿಸುತ್ತಿತ್ತು. ನಮ್ಮ ಕಟಪಯಾದಿಯನ್ನು ಬಲ್ಲವರಿಗೆ ಇದು ಹೊಸತೆನಿಸದು.

ನಾಣ್ಯಗಳಲ್ಲಿ ಹಿಜರಿ 1200ರ ಬಳಿಕ ಒಮ್ಮೆಲೇ 1215 ಬರುತ್ತದೆ. ಅಂಕಿಗಳು ಬಲದಿಂದ ಎಡಕ್ಕೆ ಸಾಗುತ್ತವೆ. ಹಿಜರಿಗೂ ಇದಕ್ಕೂ ಇರುವ ಅಂತರ ಹದಿಮೂರು ಹದಿನಾಲ್ಕು ವರ್ಷವೆಂದು ಎಣಿಸಿ, ಶಕೆಯ ಆರಂಭ ಪೈಗಂಬರರ ಪ್ರವಾದಿತ್ವದಿಂದ ಎಂದು ಕೆಲವರು ಊಹಿಸಿದರು. ಆದರೆ ಮೌಲೂದಿ ಎಂಬ ಹೆಸರು ಜನನವನ್ನು ಸೂಚಿಸುತ್ತದೆ. 1787ರಿಂದ 1215ನ್ನು ಕಳೆದರೆ ದೊರೆಯುವ 572, ಪೈಗಂಬರರ ಜನನವರ್ಷವೆಂದು ಸಾಮಾನ್ಯವಾಗಿ ಹೇಳುವ 571ಕ್ಕೆ ಸಮೀಪವಾಗಿದೆ. ಸೌರಮಾನದಿಂದ ಎಣಿಸಿದಾಗ ಮಾತ್ರ ಈ ಲೆಕ್ಕ ಕೂಡುತ್ತದೆ. ಹಿಜರಿಯಂತೆ ಚಾಂದ್ರವರ್ಷಗಳಲ್ಲಿ ಎಣಿಸಿದ್ದರೆ 1254ರ ಆಸುಪಾಸಿನ ಸಂಖ್ಯೆ ಬರಬೇಕಾಗಿತ್ತು.

ಹೀಗೆ ಶಕೆಯ ಆರಂಭ ಇಸ್ಲಾಮಿನ ಶ್ರದ್ಧೆಯದು, ಗಣಿತ ಕನ್ನಡನಾಡಿನದು, ಪ್ರಯೋಜನ ರೈತನ ಸುಗ್ಗಿಗೆ ಹೊಂದುವ ವರ್ಷ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಶಕೆಯೂ ಅಲ್ಲಿಗೆ ನಿಂತಿತು. ಶ್ರದ್ಧೆಗೂ ಗಣಿತಕ್ಕೂ ಸದಾ ವೈರವೆನ್ನುವವರಿಗೆ ಆ ನಾಣ್ಯಗಳ ಮೇಲಿನ ಅಂಕಿಗಳೇ ಉತ್ತರವಾಗಿ ಉಳಿದಿವೆ.